ವರ್ಡೆಲ್ ಒರೆಸುವ ಮೂರು ಕುರ್ಚಿಗಳು

ಬೆಳಗಿನ ಐದೂವರೆ. ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡವೊಂದರ ಆರನೆಯ ಮಹಡಿ. ಅರವತ್ತಾರರ ಶುಚಿಗಾರ್ತಿ ವರ್ಡೆಲ್ ಪೆಟಿಫೋರ್ಡ್ ಬಾಗಿಲು ತಳ್ಳಿದೊಡನೆ ದೀಪಗಳು ತಾವಾಗಿ ಹೊತ್ತಿಕೊಳ್ಳುತ್ತವೆ. ಮೊದಲು ನಲ್ಲಿ ತಿರುಗಿಸಿ, ಕಂದು ನೀರು ತಿಳಿಯಾಗುವವರೆಗೆ ಕಾಯುತ್ತಾರೆ. ಆಮೇಲೆ ಮೂರು ದೊಡ್ಡ ಕುರ್ಚಿಗಳನ್ನು ಒರೆಸಿ, ಕೀಲು ಹಿಡಿಯದಿರಲೆಂದು ಒಂದೊಂದನ್ನೂ ತಿರುಗಿಸಿ ಬಿಡುತ್ತಾರೆ. ನಡುವಿನದರಲ್ಲಿ ಮೂರು ವರ್ಷದಿಂದ ಯಾರೂ ಕೂತಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿರುಗುತ್ತದೆ. ಅದು ನಿಲ್ಲುವವರೆಗೆ ವರ್ಡೆಲ್ ಬೆನ್ನು ತಿರುಗಿಸುವುದಿಲ್ಲ.

"ವರ್ಡೆಲಕ್ಕ, ನಿನ್ ದೆವ್ವಗಳೆಲ್ಲ ಸೌಖ್ಯನಾ?" ಕಾವಲುಗಾರ ಒರ್ಟಿಸ್ ಬಾಗಿಲಿನಿಂದಲೇ ಕೆಣಕುತ್ತಾನೆ. ಒಳಗೆ ಮಾತ್ರ ಬರುವುದಿಲ್ಲ.

"ನಿನಗಿಂತ ವಾಸಿ ಕಣೋ. ನೆಲದ್ ಮೇಲೆ ತಿಂಡಿ ಉದುರ್ಸಲ್ಲ."

ಕೆಲಸದಿಂದ ತೆಗೆದುಹಾಕಿಸಿಕೊಂಡ ಸರ್ಕಾರಿ ನೌಕರರು ನ್ಯಾಯ ಕೇಳಿ ಬರುವ ಮಂಡಳಿ ಇದು. ಮೂವರು ಸದಸ್ಯರಿರಬೇಕು, ಇಬ್ಬರಾದರೂ ಸಹಿ ಹಾಕದೆ ಯಾವ ತೀರ್ಪೂ ಹೊರಬೀಳದು. ದೇಶದ ಅಧ್ಯಕ್ಷರು ಹೆಸರು ಕಳಿಸುತ್ತಾರೆ, ಸೆನೆಟ್ ಒಪ್ಪಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ತನ್ನ ರಾಜ್ಯದ ಸೇತುವೆಗೆ ಅನುಮತಿ ಸಿಗಲಿಲ್ಲವೆಂದು ಒಬ್ಬ ಸೆನೆಟರ್ ಎರಡು ಹೆಸರುಗಳನ್ನು ತಡೆದರು. ಹೋದ ಸಲ ನೀವೂ ಹೀಗೇ ಮಾಡಲಿಲ್ಲವೇ ಎಂದು ಎದುರು ಪಕ್ಷವನ್ನು ಕೇಳಿ ಅವರ ಪಕ್ಷ ಬೆನ್ನಿಗೆ ನಿಂತಿತು. ವರ್ಷ ಮುಗಿಯಿತು, ಮತಕ್ಕೇ ಹಾಕದೆ ಹೆಸರುಗಳು ವಾಪಸಾದವು. ಪತ್ರಿಕೆಗೆ ಬರೆಯುವ ನಾನು ಇಪ್ಪತ್ತು ವರ್ಷದಿಂದ ಈ ರಾಜಕಾರಣಿಗಳ ಭಾಷಣ ಕೇಳುತ್ತಿದ್ದೇನೆ. ಪಕ್ಷಗಳು ಕಾಗದ ಅದಲುಬದಲು ಮಾಡಿಕೊಂಡು ಓದಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ.

ಹೆಸರು ವಾಪಸಾದ ಆ ಇಬ್ಬರಲ್ಲಿ ಒಬ್ಬರು, ಲಿಂಡ್‌ಕ್ವಿಸ್ಟ್ ಎಂಬ ವಕೀಲೆ, ಕೋಣೆ ನೋಡಲು ಬಂದಿದ್ದರು. ನೇಮಕವಾಗುವ ಮೊದಲೇ ಆದಂತೆ ನಡೆದುಕೊಳ್ಳಬಾರದೆಂಬುದು ಇಲ್ಲಿನ ಮಡಿ.

"ಒಳಗ್ ಬನ್ನಿ ಅಂದೆ," ಎನ್ನುತ್ತಾರೆ ವರ್ಡೆಲ್. "ಆಯಮ್ಮ ಹೊಸ್ತಿಲು ದಾಟ್ಲಿಲ್ಲ. 'ಕುರ್ಚಿ ಮುಟ್ಟಿದ್ಲು ಅಂತ ಗೊತ್ತಾದ್ರೆ ಅದನ್ನೇ ಹಿಡ್ಕೊಂಡು ನನ್ನ ಹೆಸರು ಬೀಳಿಸ್ತಾರೆ' ಅಂದ್ರು. ಬೂಟಿನ ತುದಿ ಕಾರ್ಪೆಟ್ಟಿಗೆ ತಾಗದಂಗೆ ನಿಂತು, ಸುಮ್ನೆ ನೋಡಿ ಹೋದ್ರು. ಒಂದೊಂದ್ ದಿನ ಬೆಳಿಗ್ಗೆ ಅಲ್ಲಿ ಯಾರೋ ನಿಂತಂಗೆ ಅನ್ಸತ್ತೆ. ದೀಪ ನನಗಿಂತ ಮುಂಚೆ ಹತ್ತಿರತ್ತೆ."

ಇದ್ದ ಒಬ್ಬ ಸದಸ್ಯ ಹೋಲ್ಕಂಬ್, ಜೊತೆಗಾರ ಇಂದಲ್ಲ ನಾಳೆ ಬಂದಾನೆಂದು ನಂಬಿ, ಮೂರು ವರ್ಷ ಅಂಚಿನ ಕುರ್ಚಿಯಲ್ಲಿ ಒಬ್ಬರೇ ಕೂತು ಸಹಿ ಹಾಕಿದರು. ಎರಡು ಸಾವಿರದ ಹತ್ತಿರ ತೀರ್ಪುಗಳು. ಮಾರ್ಚಿನಲ್ಲಿ ಅವರ ಅವಧಿ ಮುಗಿಯಿತು. ಎರಡನೆಯ ಸಹಿ ಬೀಳದ ಕಾರಣ, ಅವರು ಕೆಳಗಿಳಿದ ದಿನವೇ ಅವರ ಸಹಿಗಳೂ ಸತ್ತವು. ಸಹಿಯಾದ ಪೆಟ್ಟಿಗೆಗಳನ್ನು ಸಹಿಯಾಗದವುಗಳ ಸಾಲಿಗೆ ಸಾಗಿಸಿದ್ದು ವರ್ಡೆಲ್, ತಳ್ಳುಗಾಡಿಯಲ್ಲಿ, ನಾಲ್ಕು ದಿನ.

ಮೂರನೆಯ ದಿನ ಕೈಗೆ ಬಂದ ಪೆಟ್ಟಿಗೆಯ ಮೇಲೆ ಅವರ ತಮ್ಮನ ಹೆಸರಿತ್ತು. ರಾಸ್ಕೋ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಅನಿಲ ಸೋರುತ್ತಿದೆಯೆಂದು ಬರೆದುಕೊಟ್ಟರು. ಕರ್ತವ್ಯಲೋಪವೆಂದು ಮೇಲಿನವರು ಅವರನ್ನೇ ಮನೆಗೆ ಕಳಿಸಿದರು. ಈಗ ಶ್ವಾಸಕೋಶ ಹೋಗಿದೆ, ಚಳಿಗಾಲ ದಾಟುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ. ರಾಸ್ಕೋಗೆ ಈಗ ಆ ಕೆಲಸ ಬೇಡ. ಸಾಯುವ ಮೊದಲು ಆ ಒಂದು ಪದ ಅಳಿಸಿಹೋಗಬೇಕು, ಅಷ್ಟೇ.

ತೆರೆದು ನೋಡಲಿಲ್ಲವೇ ಎಂದು ಕೇಳುತ್ತೇನೆ.

"ಬರೀ ಟೇಪು. ಉಗುರು ಹಾಕಿದ್ರೆ ಬರೋದು," ಎನ್ನುತ್ತಾರೆ. "ತಮ್ಮಂದೇ ಸರಿ ಅಂತ ಬರ್ದಿದ್ರೆ ಏನ್ ಮಾಡ್ಲಿ? ಆ ಮಾತು ಆಗ್ಲೇ ಸತ್ತಿತ್ತಲ್ಲ. ಮಗು ಎತ್ಕೊಂಡಂಗೆ ಎತ್ಕೊಂಡು ಆ ಕಡೆ ಇಟ್ಟೆ. ಅವನಿಗೆ ಹೇಳಿಲ್ಲ."

ಅವರು ಬಟ್ಟೆ ಹಿಂಡುತ್ತಾರೆ.

"ಸಾಯಂಕಾಲ ಫೋನ್ ಮಾಡ್ತಾನೆ. ಯಾರಾದ್ರೂ ಬಂದ್ರಾ ಅಂತ ನೇರ ಕೇಳಲ್ಲ, ಮಾನಿಷ್ಠ. 'ಅಕ್ಕಾ, ಇವತ್ತು ಕೆಲಸ ಜಾಸ್ತಿ ಇತ್ತಾ?' ಅಂತಾನೆ. ಇಲ್ಲ ಕಣೋ ಅಂತೀನಿ. ಫೋನ್ ಇಡ್ತಾನೆ. ಯಾವ ಪಕ್ಷದೋರಾದ್ರೂ ಸರಿ, ಇಬ್ರು ಬಂದು ಕೂತ್ಕೊಳ್ಳಿ. ಕಾಫಿ ಚೆಲ್ಲಲಿ, ಕಸದ ಬುಟ್ಟಿ ತುಂಬ್ಸಲಿ. ಒಂದೇ ಒಂದು ಸಲ ಅವನಿಗೆ ಹೇಳ್ಬೇಕು: ಹೂಂ ಕಣೋ ರಾಸ್ಕೋ, ಇವತ್ತು ಸೊಂಟ ಬಿದ್ದೋಗೋಷ್ಟು ಕೆಲಸ ಇತ್ತು."