ಪೈಲ್ವಾನರ ಹೆಂಡತಿ ಓದು ಕಲಿತ ವರ್ಷ

ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷವಾಗಿತ್ತು. ಉರ್ದು ಶಾಲೆಗಳು ಒಂದೊಂದಾಗಿ ಕನ್ನಡಕ್ಕೆ ಹೊರಳುತ್ತಿದ್ದವು, ಕಲಿಸುವವರು ಮಾತ್ರ ಸಿಗುತ್ತಿರಲಿಲ್ಲ. ರಜಾಕಾರರ ಗದ್ದಲದ ದಿನಗಳಲ್ಲಿ ನಾವು ಸೊಲ್ಲಾಪುರದ ಕಡೆ ಹೋಗಿ ನೆಂಟರ ಮನೆಯಲ್ಲಿದ್ದೆವು. ಅಲ್ಲಿಯೇ ನಾನು ಶಿಕ್ಷಕಿಯ ಪರೀಕ್ಷೆ ಪಾಸು ಮಾಡಿದ್ದೆ. ಹಾಗಾಗಿ ಇಪ್ಪತ್ತೊಂದನೇ ವಯಸ್ಸಿಗೆ ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಗೆ ಒಬ್ಬಳೇ ಶಿಕ್ಷಕಿಯಾಗಿ ಬಂದೆ. ಜೊತೆಗೆ ಅವ್ವ ಇದ್ದಳು. ಫರಸಿ ಕಲ್ಲು ಹಾಸಿದ ಒಂದು ಕೋಣೆಯೇ ಶಾಲೆ, ಅದರ ಹಿಂದಿನ ಪಡಸಾಲೆಯೇ ನಮ್ಮ ಮನೆ.

ಆ ಊರಿಗೆ ಒಬ್ಬ ಪೈಲ್ವಾನರಿದ್ದರು. ಅವರು ಬಜಾರದಲ್ಲಿ ಬರುತ್ತಿದ್ದರೆ ತಕ್ಕಡಿ ಹಿಡಿದವರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು. ತಾಯಂದಿರು ಕೂಸುಗಳನ್ನು ತಂದು ಅವರ ತೋಳು ಮುಟ್ಟಿಸುತ್ತಿದ್ದರು. ಅಷ್ಟು ದೊಡ್ಡ ದೇಹ ಅಷ್ಟು ಮೆಲ್ಲಗೆ ನಡೆಯುವುದನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಅವರಿಗೆ ಕುಸ್ತಿ ಕಲಿಸಿದ ಉಸ್ತಾದರದು ಕಟ್ಟುನಿಟ್ಟು: ಕುಸ್ತಿ ಆಡುವಷ್ಟು ಕಾಲ ಪೈಲ್ವಾನ ಮನೆಯಲ್ಲಿ ಮಲಗಬಾರದು. ಮದುವೆಯಾಗಿದ್ದರೂ ಅವರ ಹಾಸಿಗೆ ಇದ್ದದ್ದು ತಾಲೀಮಿನಲ್ಲಿ, ಕುಸ್ತಿ ಕಲಿಯುವ ಆ ಮಣ್ಣಿನ ಕೋಣೆಯಲ್ಲಿ.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಅವರ ಹೆಂಡತಿ ಬಂದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಸೆರಗಿನೊಳಗಿಂದ ಮಡಿಚಿದ ಪೇಪರೊಂದನ್ನು ತೆಗೆದಳು.

“ಅಕ್ಕೋರೆ, ಇದ್ರಾಗ ನಮ್ಮನ್ಯಾವರ ಸುದ್ದಿ ಬಂದದಂತ. ಎಲ್ಲಿ ಬಂದದ ತೋರಸ್ರಿ.”

ಬೆರಳಿಟ್ಟು ತೋರಿಸಿದೆ. ಅವಳು ಆ ಜಾಗವನ್ನೇ ನೋಡುತ್ತ ನಿಂತಳು. “ಇದನ್ನ ನಾನೇ ಓದಬೇಕಂದ್ರ ಎಷ್ಟ್ ದಿನ ಬೇಕ್ರಿ?” ಅಂದಳು.

ಐದು ತಿಂಗಳು ಬೇಕಾಯಿತು. ದಿನಾ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಬರುತ್ತಿದ್ದಳು. ಸಣ್ಣ ಹುಡುಗಿಯರ ಜೊತೆ ಪಾಟಿ ಹಿಡಿದು ಕೂಡಲು ಅವಳಿಗೆ ಒಂದಿಷ್ಟೂ ನಾಚಿಕೆಯಿರಲಿಲ್ಲ. ಕಲಿತ ಮೇಲೆ ಮೊದಲು ಓದಿದ್ದು ಗಂಡನ ಹೆಸರು. ಆಮೇಲೆ ಇಡೀ ವರದಿ. ಆ ವಾರಪತ್ರಿಕೆಗೆ ನಮ್ಮೂರಿನಿಂದ ಸುದ್ದಿ ಕಳಿಸುತ್ತಿದ್ದವರು ಕೋರ್ಟಿನ ಮುಂದೆ ಕುಳಿತು ಅರ್ಜಿ ಬರೆಯುವವರು, ಹೆಂಡತಿ ತೀರಿಕೊಂಡಿದ್ದ ಮೂವತ್ತರ ಆಸುಪಾಸಿನ ಮನುಷ್ಯ. ಸಣಕಲು ಮೈ, ಆದರೆ ಕುಸ್ತಿಯ ಬಗ್ಗೆ ಅವರು ಬರೆದದ್ದನ್ನು ಓದಿದರೆ ಮಣ್ಣಿನ ವಾಸನೆ ಬರುತ್ತಿತ್ತು.

“ನಾ ಹೆಂಡ್ತಿ ಆಗಿ ಇವೆಲ್ಲ ನೋಡಿಲ್ರಿ. ಇವರು ಯಾಂಗ ನೋಡ್ಯಾರ?” ಎಂದು ಅವಳು ಒಮ್ಮೆ ಕೇಳಿದಳು.

ದೊಡ್ಡವಳೊಬ್ಬಳು ಓದು ಕಲಿತಿದ್ದಾಳೆ, ಬಂದು ನಾಲ್ಕು ಸಾಲು ಬರೆಯಿರಿ ಎಂದು ವರದಿಗಾರರಿಗೆ ಹೇಳಿ ಕಳಿಸಿದವಳು ನಾನೇ. ಅವರು ಬಂದರು, ಬರೆದರು. ಮತ್ತೆ ಓದಲಿಕ್ಕೆ ಪುಸ್ತಕ ಕೊಡುವ ನೆಪದಲ್ಲಿ ಬಂದರು. ಕೋಣೆಯ ಆ ಮೂಲೆಯಲ್ಲಿ ಇಬ್ಬರೂ ಮಾತಾಡುವಾಗ ಅವಳ ಮುಖಕ್ಕೆ ಬರುತ್ತಿದ್ದ ಕಳೆ ನನಗೆ ಕಾಣುತ್ತಿತ್ತು. ಬಾಯಿ ಬಿಡಲಿಲ್ಲ. ತಡೆಯುವುದು ಹೇಗೆಂದು ತಿಳಿಯಲಿಲ್ಲವೋ, ತಡೆಯುವ ಮನಸ್ಸಿರಲಿಲ್ಲವೋ, ಈಗಲೂ ಹೇಳಲಾರೆ.

ವಾಡಿ ಸ್ಟೇಷನ್ನಿನಲ್ಲಿ ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಎಲೆಯಲ್ಲಿ ಭಜಿ ತಿನ್ನುವುದನ್ನು ನಮ್ಮೂರ ಎಲೆ ಅಡಕೆಯವನೊಬ್ಬ ಕಂಡ. ಅವರು ಊರಿಗೆ ಮರಳುವಷ್ಟರಲ್ಲಿ ಸುದ್ದಿ ಮನೆಮನೆಗೆ ಮುಟ್ಟಿತ್ತು. ಅತ್ತೆ ಅಂಗಳದಲ್ಲಿ ನಿಲ್ಲಿಸಿ ಖರೆಯೋ ಸುಳ್ಳೋ ಎಂದು ಕೇಳಿದಳಂತೆ. ಇವಳು ಖರೆ ಅಂದಳಂತೆ. ಅದೇ ದಿನ ಅವಳನ್ನು ಸೇಡಂನ ತವರಿಗೆ ಕಳಿಸಿಬಿಟ್ಟರು. ಗಾಡಿಗೆ ಹೋಗುವ ಮೊದಲು ಅವಳು ನಮ್ಮ ಬಾಗಿಲು ಬಡಿದಳು. “ಅಕ್ಕೋರೆ” ಅಂತ ಎರಡು ಸಲ ಕೂಗಿದಳು. ಎದುರು ಮನೆಯವರು ನೋಡುತ್ತಿದ್ದಾರೆಂದು ಹೆದರಿ ನಾನು ಬಾಗಿಲು ತೆಗೆಯಲಿಲ್ಲ.

ಊರಿಗೆ ಹುಚ್ಚು ಹಿಡಿದಂತಾಯಿತು. ಆ ಸಂಸಾರದಲ್ಲಿ ಏನಾಗಿತ್ತೆಂದು ಯಾರಿಗೂ ಬೇಕಿರಲಿಲ್ಲ. ತಮ್ಮ ಪೈಲ್ವಾನರ ಮೈಗೆ ಯಾರೋ ಕೆಸರು ಎರಚಿದ್ದಾರೆ ಎಂಬಂತೆ ಪ್ರತಿಯೊಬ್ಬರೂ ಉರಿಯುತ್ತಿದ್ದರು. ಬಾವಿಗೆ ಹೋದರೆ ಹೆಂಗಸರು ನನಗೆ ದಾರಿ ಬಿಡುತ್ತಿರಲಿಲ್ಲ.

“ಓದು ಕಲಸ್ತೀನಂತ ಒಂದ್ ಮನಿ ಮುರದಳು. ಇನ್ನ ನಮ್ಮ ಪೋರಿಗೋಳ್ದು ಪಾಳಿ ಅದ,” ಎಂದು ಒಬ್ಬಾಕೆ ನನಗೆ ಕೇಳಲೆಂದೇ ಅಂದಳು.

ಮರುದಿನ ಶಾಲೆಗೆ ಬಂದವರು ಮೂವರೇ ಹುಡುಗಿಯರು. ಗೋಡೆಯ ಮೇಲೆ ಯಾರೋ ಇದ್ದಲಿಯಿಂದ ಹೊಲಸು ಬರೆದಿದ್ದರು. ಅವ್ವ ಬೈಯುತ್ತ, ಅಳುತ್ತ ಅದನ್ನು ತಿಕ್ಕಿ ತೊಳೆದಳು. ಇನ್ನೊಂದು ಪೇಪರಿನಲ್ಲಿ ಇದನ್ನೇ ಹೆಸರಿಲ್ಲದೆ ಚುಚ್ಚಿ ಬರೆದ ಒಂದು ಸುದ್ದಿಯೂ ಬಂತು. ಪೈಲ್ವಾನರು ವರದಿಗಾರರ ಕುತ್ತಿಗೆ ಮುರಿಯುವ ದಿನವನ್ನು ಊರು ಹಬ್ಬದಂತೆ ಕಾಯುತ್ತಿತ್ತು.

ಅದರ ನಾಲ್ಕನೆಯ ದಿನ ಪೈಲ್ವಾನರು ನಮ್ಮ ಶಾಲೆಗೆ ಬಂದರು. ಓಣಿಯ ಜನವೆಲ್ಲ ದೂರದಲ್ಲಿ ನಿಂತಿತ್ತು. ಅವ್ವ ಓಡಿ ಬಂದು ನನ್ನ ಮುಂದೆ ನಿಂತಳು.

“ಅವ್ವಾರೆ, ಹೆದರಬ್ಯಾಡ್ರಿ,” ಅಂದರು ಅವರು. ಬಾಗಿಲು ತಲೆಗೆ ತಾಗದಂತೆ ಬಗ್ಗಿ ಒಳಗೆ ಬಂದು, ಮಕ್ಕಳು ಕೂಡುವ ಫರಸಿಯ ಮೇಲೆಯೇ ಕುಳಿತರು. ಚುಚ್ಚಿ ಬರೆದಿದ್ದ ಆ ಪೇಪರನ್ನು ನನ್ನ ಕಡೆ ಚಾಚಿದರು. “ಇದನ್ನ ಓದಿ ಹೇಳ್ರಿ ಅಕ್ಕೋರೆ. ಮಂದಿ ಓದಿ ಹೇಳ್ತಾರ. ಆದ್ರ ನಕ್ಕೋತ ಓದ್ತಾರ.”

ಓದತೊಡಗಿದೆ. ನಡುವೆ ಒಂದು ಸಾಲು ಹಾರಿಸಿದೆ. ಅಕ್ಷರ ಬಾರದ ಆ ಮನುಷ್ಯನಿಗೆ ಅದು ಹೇಗೆ ತಿಳಿಯಿತೋ, “ಬಿಡಬ್ಯಾಡ್ರಿ. ಪೂರಾ ಓದ್ರಿ,” ಅಂದರು. ಪೂರಾ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಆಕಿ ಮೊದಲ ಏನ್ ಓದಿದಳ್ರಿ?”

“ನಿಮ್ಮ ಹೆಸರ್ರಿ.”

ಅವರು ನನ್ನ ಕೈಯಿಂದ ಪೇಪರನ್ನು ತೆಗೆದುಕೊಂಡು ಮಡಿಚಿದರು. ಆಮೇಲೆ, “ಲಗ್ನಾಗಿ ನಾಕ್ ವರ್ಷಾತು. ನಾಕೂ ವರ್ಷ ನಾ ತಾಲೀಮಿನಾಗ ಮಲಗೀನಿ. ಆಕಿಗಿ ಏನ್ ಅನಸ್ತದಂತ ಉಸ್ತಾದರು ಕೇಳಲಿಲ್ಲ, ಊರು ಕೇಳಲಿಲ್ಲ. ನಾನೂ ಕೇಳಲಿಲ್ಲ,” ಅಂದರು.

“ತಪ್ಪು ನಂದೂ ಅದರಿ,” ಎನ್ನುತ್ತ ನಾನು ಅತ್ತುಬಿಟ್ಟೆ. “ನಾ ಕಲಸದಿದ್ರ...”

“ಓದೋದು ಕಲಸಿದ್ರಿ. ಮತ್ತೇನ್ ಕಲಸಿದ್ರಿ?”

ಮರುದಿನ ಅವರು ತಮ್ಮ ಅಣ್ಣನ ಮಗಳನ್ನು ಕೈಹಿಡಿದು ನಟ್ಟನಡು ಬಜಾರದಿಂದ ನಡೆಸಿಕೊಂಡು ಬಂದು ಶಾಲೆಯಲ್ಲಿ ಕೂಡಿಸಿ ಹೋದರು. ಯಾರಿಗೂ ಏನೂ ಹೇಳಲಿಲ್ಲ. ವಾರದೊಳಗೆ ಅರ್ಧಕ್ಕರ್ಧ ಹುಡುಗಿಯರು ಮರಳಿದರು.

ಆ ತಿಂಗಳೇ ಶಹಾಬಾದಿನಲ್ಲಿ ದೊಡ್ಡ ಕುಸ್ತಿ ಇತ್ತು. ನನ್ನ ಚಿಗವ್ವನ ಮನೆಯ ಮಾಳಿಗೆಯಿಂದ ಕಣ ಕಾಣುತ್ತಿತ್ತು. ಕುಸ್ತಿಗೆ ಹೆಂಗಸರು ಹೋಗುವಂತಿರಲಿಲ್ಲವಾದ್ದರಿಂದ ನಾವು ಹತ್ತಾರು ಮಂದಿ ಅಲ್ಲಿ ಸೇರಿದ್ದೆವು. ಕಲ್ಲಿನ ಖಣಿಯವರು, ಸಿಮೆಂಟ್ ಕಾರ್ಖಾನೆಯವರು, ಸುತ್ತಲಿನ ಹಳ್ಳಿಯವರು ಸೇರಿ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಾಳಿ ಹೈದರಾಬಾದಿನ ಕಡೆಯ ಎಳೆಯ ಹುಡುಗ. ಆದರೆ ಜನ ಬಂದದ್ದು ಕುಸ್ತಿಗಾಗಿ ಅಲ್ಲ, ಪೈಲ್ವಾನರ ಮುಖ ನೋಡಲಿಕ್ಕೆ.

ಅವರು ಕಣಕ್ಕಿಳಿದು ಮಣ್ಣನ್ನು ಹಣೆಗೆ ಹಚ್ಚಿಕೊಂಡರು. ಆಗಲೇ ಗುಂಪಿನಿಂದ ಒಂದು ಹಿಡಿ ಬಳೆಗಳು ಹಾರಿ ಬಂದು ಅವರ ಎದೆಗೆ ಬಡಿದು ಕೆಳಗೆ ಬಿದ್ದವು. ಗಂಡಸಿಗೆ ಅದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ಸಾವಿರ ಬಾಯಿಗಳು ಒಮ್ಮೆಲೇ ನಕ್ಕವು. ಪೈಲ್ವಾನರು ಬಗ್ಗಿದರು. ಒಡೆದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದರು. ಮಣ್ಣಿನಲ್ಲಿ ಕೈಯಾಡಿಸಿ ಸಣ್ಣ ಚೂರನ್ನೂ ಬಿಡದೆ ಹುಡುಕಿ ಪಂಚರ ಕೈಗೆ ಕೊಟ್ಟರು. ನಮಗೆ ಅಷ್ಟು ದೂರದವರೆಗೆ ಮಾತು ಕೇಳಲಿಲ್ಲ. ಕೆಳಗಿದ್ದ ಚಿಗಪ್ಪ ಆಮೇಲೆ ಹೇಳಿದ. ಅವರು ಅಂದದ್ದು ಇಷ್ಟೇ: “ಆ ಹುಡುಗನ ಕಾಲಿಗಿ ಚುಚ್ಚೀತು.”

ಆ ಹುಡುಗನೇ ಗೆದ್ದ. ಅರ್ಧ ತಾಸು ಆಡಿ, ಪೈಲ್ವಾನರ ಬೆನ್ನು ಮಣ್ಣಿಗೆ ಹಚ್ಚಿದ. ಆಮೇಲೆ ಒಂದು ಕಡೆಯಿಂದ ಬೊಬ್ಬೆ ಎದ್ದಿತು. ವರದಿಗಾರರು ಬಂದಿದ್ದರು! ಪ್ರತಿ ಕುಸ್ತಿಗೂ ಬರುವಂತೆ ನೋಟುಬುಕ್ಕು ಹಿಡಿದು ಬಂದು ಒಂದು ಮೂಲೆಯಲ್ಲಿ ನಿಂತಿದ್ದರು. ಬರದಿದ್ದರೆ ಹೇಡಿತನವಾಗುತ್ತದೆ ಅಂದುಕೊಂಡರೋ ಏನೋ. “ಇವನಿಂದ್ಲೇ ಸೋತ್ರು, ಹೊಡೀರಿ ಇವನಿಗಿ,” ಎನ್ನುತ್ತ ಜನ ಅವರನ್ನು ಕೆಡವಿಬಿಟ್ಟರು.

ಮಾಳಿಗೆಯ ಮೇಲಿಂದ ನಾನು ಕಂಡದ್ದು ಇದು. ಮಣ್ಣು ಮೆತ್ತಿದ ಆ ದೊಡ್ಡ ದೇಹ ಕಣದಿಂದೆದ್ದು ಗುಂಪಿನೊಳಗೆ ನಡೆಯಿತು. ಯಾರನ್ನೂ ನೂಕಲಿಲ್ಲ. ಜನ ತಾವಾಗಿಯೇ ಸರಿದರು. ಕೊನೆಗೂ ಕುತ್ತಿಗೆ ಮುರಿಯುತ್ತಾರೆಂದು ನನ್ನ ಪಕ್ಕದ ಹೆಂಗಸು ಕಣ್ಣು ಮುಚ್ಚಿಕೊಂಡಳು. ಪೈಲ್ವಾನರು ಕೆಳಗೆ ಬಿದ್ದವರ ಮೇಲೆ ಅಡ್ಡ ನಿಂತು ಜನರ ಕಡೆ ತಿರುಗಿದರು. ಈ ಸಲ ಅವರ ದನಿ ನಮಗೂ ಕೇಳಿಸಿತು.

“ನಾ ಸೋತದ್ದು ಇವನಿಂದ ಅಲ್ಲ. ಆ ಹುಡುಗ ನನಗಿಂತ ಚಲೋ ಆಡಿದ. ಕಣದಾಗಿಂದು ನೀವು ನೋಡ್ರಿ, ನಗ್ರಿ, ಬೈರಿ. ನನ್ನ ಮನಿಯಾಗಿಂದು ನಿಮಗ ಯಾಕ ಬೇಕು?”

ಅವರು ವರದಿಗಾರರನ್ನು ಎಬ್ಬಿಸಿ ನಿಲ್ಲಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಮುಂದೆ ಪೈಲ್ವಾನರು, ಅವರ ಹಿಂದೆ ಮೂಗಿನಿಂದ ರಕ್ತ ಸೋರುತ್ತಿದ್ದ ವರದಿಗಾರರು, ಸ್ಟೇಷನ್ನಿನ ದಾರಿ ಹಿಡಿದು ಹೋದರು. ನನಗೆ ಮೈಮೇಲಿನ ರೋಮವೆಲ್ಲ ನಿಂತಿತ್ತು. ದೇವರ ಮುಂದೆಯೂ ನನಗೆ ಹಾಗಾಗಿಲ್ಲ.

ಹದಿನೈದು ದಿನಕ್ಕೆ ಹಿರಿಯರು ಚಾವಡಿಯಲ್ಲಿ ಕುಳಿತು ಗಂಡಹೆಂಡಿರ ಬಿಡುಗಡೆ ಮಾಡಿಸಿದರು. ಪೈಲ್ವಾನರು ತಾವೇ ಅದನ್ನು ಕೇಳಿದ್ದರು. ವರದಿಗಾರರು ಅವಳನ್ನು ಉಡಿಕೆ, ಅಂದರೆ ಮರುಮದುವೆ, ಮಾಡಿಕೊಂಡು ಚಿಂಚೋಳಿಯ ಕಡೆ ಹೋದರು. ಹೋಗುವ ಮೊದಲು ಶಹಾಬಾದಿನ ಕುಸ್ತಿಯ ವರದಿ ಕಳಿಸಿದ್ದರು. ಯಾರು ಯಾವ ಪಟ್ಟು ಹಾಕಿದರು, ಯಾರು ಗೆದ್ದರು ಅಷ್ಟೇ ಅದರಲ್ಲಿತ್ತು. ಪೈಲ್ವಾನರು ಆಮೇಲೆ ಕಣಕ್ಕಿಳಿಯಲಿಲ್ಲ. ತಾಲೀಮಿನಲ್ಲಿ ತಾವೇ ಉಸ್ತಾದರಾದರು. ಮದುವೆಯಾದ ಹುಡುಗರು ಮನೆಗೆ ಹೋಗಿ ಮಲಗಬೇಕು ಎಂಬುದು ಅವರು ಮಾಡಿದ ಹೊಸ ಕಟ್ಟಳೆ ಎಂದು ಊರವರು ಹೇಳುತ್ತಿದ್ದರು. ಆ ಮಾತಿಗೆ ಯಾರೂ ನಗುತ್ತಿರಲಿಲ್ಲ.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ಮಾತು ನಡೆದಿದ್ದ ವರ್ಷ ಪರೀಕ್ಷೆಯ ಕೆಲಸಕ್ಕೆಂದು ಚಿಂಚೋಳಿ ಕಡೆಯ ಐನಾಪುರಕ್ಕೆ ಹೋಗಿದ್ದೆ. ಅವಳು ಅಲ್ಲಿದ್ದಳು. ನಾನು ಬಂದ ಸುದ್ದಿ ಕೇಳಿ ತಾನೇ ಬಂದು ಮನೆಗೆ ಕರೆದೊಯ್ದಳು. ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಎರಡು ವರ್ಷದ ಮಗಳು ಮಡಿಲಲ್ಲಿದ್ದಳು. ಸುಖವಾಗಿದ್ದೀಯಾ ಎಂದು ಕೇಳಿದೆ.

“ಅದೀನ್ರಿ ಅಕ್ಕೋರೆ. ಇವರು ಚಲೋ ನೋಡ್ಕೋತಾರ.” ರೊಟ್ಟಿ ಮುರಿಯುತ್ತಿದ್ದ ಅವಳ ಕೈ ನಿಂತಿತು. “ಊರು ಅಂದದ್ದೆಲ್ಲ ಮರತೀನಿ. ಪೈಲ್ವಾನರು ಒಂದ್ ಮಾತೂ ಅನಲಿಲ್ಲ ನೋಡ್ರಿ, ಅದು ಮಾತ್ರ ಮರೀಲಿಕ್ಕೆ ಆಗವಲ್ದು. ಬೈದಿದ್ರ ಹಗುರಾಗ್ತಿತ್ತು.”

ವರದಿಗಾರರು ಅಂಗಳದಲ್ಲಿ ಕುಳಿತು ಯಾರದೋ ಅರ್ಜಿ ಬರೆಯುತ್ತಿದ್ದರು. ಆ ಮಾತು ಅವರಿಗೂ ಕೇಳಿಸಿತು. ತಲೆಯೆತ್ತಲಿಲ್ಲ, ಬರೆಯುವುದನ್ನು ಮಾತ್ರ ನಿಲ್ಲಿಸಿದರು.