ಮಗಳ ಸಂಶೋಧನೆಗೆ ನನ್ನ ಲೇತ್

1974ರಲ್ಲಿ ಏಳನೇ ಇಯತ್ತೆಗೇ ಸಾಲಿ ಬಿಟ್ಟ ನಾನು, 2004ರಲ್ಲಿ ವಿಶ್ವವಿದ್ಯಾಲಯದ ಸಂದರ್ಶನ ಕೋಣೆಯ ಹೊರಗೆ ಗೋಣಿಚೀಲ ಹಿಡಿದು ಕೂತಿದ್ದೆ. ಒಳಗೆ ಬಿ.ಎಸ್ಸಿ. ಓದುವ ಮಗಳು, ಎರೆಮಣ್ಣು ಒಣಗಿದಂತೆಲ್ಲ ಎಷ್ಟು ಗಟ್ಟಿಯಾಗುತ್ತದೆ ಎಂದು ಅಳೆಯುವ ಸಂಶೋಧನೆಗೆ ಅನುದಾನ ಕೇಳುತ್ತಿದ್ದಳು. ತೆರೆದ ಬಾಗಿಲಿನಿಂದ ಮಾತು ನನಗೂ ಕೇಳಿಸುತ್ತಿತ್ತು.

"ಅಳಿಯೋ ಉಪಕರಣ ಪರದೇಶದಿಂದ ತರಸಬೇಕವಾ. ಈ ಅನುದಾನದಾಗ ಆಗೂದಿಲ್ಲ," ಎಂದರು ಪ್ರಾಧ್ಯಾಪಕರು.

"ಅದನ್ನ ನಮ್ಮಪ್ಪ ಮಾಡ್ಯಾರ್ರಿ ಸರ್. ಹೊರಗ ಕುಂತಾರ."

ನನ್ನನ್ನು ಕರೆಸಿದರು. ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ನನ್ನ ಲೇತಿನಲ್ಲಿ ಕಡೆದ, ಕೆಳಗೆ ಚೂಪು ಸರಳು, ಮೇಲೆ ಒತ್ತಡ ತೋರಿಸುವ ಮುಳ್ಳು ಇದ್ದ ಉಪಕರಣವನ್ನು ಚೀಲದಿಂದ ತೆಗೆದುಕೊಟ್ಟೆ. ಪ್ರಾಧ್ಯಾಪಕರು ಅಂಗಳಕ್ಕಿಳಿದು ಅದನ್ನು ನೆಲಕ್ಕೆ ಒತ್ತಿದರು, ಮುಳ್ಳು ಸರಿದದ್ದು ನೋಡಿ ನಕ್ಕರು: "ಪರದೇಶ ಯಾಕ, ನಮಗ ಬೇಲೂರ ಸಾಕು ಬಿಡ್ರಿ." ಅಲ್ಲೇ ನಿಂತು ಅರ್ಜಿಗೆ ಒಪ್ಪಿಗೆಯ ಸಹಿ ಹಾಕಿದರು.

ಈಗ ನನ್ನ ಹತ್ತಿರ ಎರಡು ಲೇತ್ ಇವೆ, ಮೂರು ಮಂದಿ ಕೆಲಸಗಾರರಿದ್ದಾರೆ, ಮಗಳ ಮಂಜೂರಾತಿ ಪತ್ರದ ಒಂದು ಪ್ರತಿ ಇದೆ.