ಅವರೆಬಳ್ಳಿಯ ಕಾರ್ಡುಗಳು

ಶಾಂತಲಾ ತಾನು ಅಳಿಸಿದ ಸೀರೆ ಡಿಸೈನುಗಳ ಹೆಸರನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅವಳ ಹಳೆಯ ಕಂಪ್ಯೂಟರಿನ ಡಿಸ್ಕ್ ನಲವತ್ತು ಜಿಬಿಯದು. ನೋಡಿ ಬರೆಯಲೆಂದು ಸ್ಕ್ಯಾನ್ ಮಾಡಿದ ಸೀರೆಗಳ ಚಿತ್ರಗಳೇ ಅದರಲ್ಲಿ ಅರ್ಧ ತುಂಬಿದ್ದವು. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಹದಿನೇಳು ವರ್ಷದಲ್ಲಿ ಆ ಹೆಸರುಗಳು ಮೂರು ಪುಟ ತುಂಬಿದ್ದವು. ಅದಕ್ಕೇ ಈ ಸಲ ಹೊಸ ಕಂಪ್ಯೂಟರ್ ಮಾಡಿಸುವಾಗ ಆರ್.ಟಿ. ನಗರದ ಅಬ್ರಾರನ ಅಂಗಡಿಯಲ್ಲಿ ಅವಳು ಕೇಳಿದ್ದು ಒಂದೇ.

"ಇರೋದ್ರಲ್ಲೇ ದೊಡ್ಡ ಡಿಸ್ಕ್ ಹಾಕಿಕೊಡಿ. ಇನ್ಮೇಲೆ ನಾನು ಏನನ್ನೂ ಅಳಿಸಬಾರದು."

"ನಾಲ್ಕು ಟಿಬಿ ಹಾಕ್ತೀನಿ ಅಕ್ಕಾ, ನಾಲ್ಕು ಸಾವಿರ ಜಿಬಿ. ನಿಮ್ಮ ಮೊಮ್ಮಕ್ಕಳು ಡಿಸೈನ್ ಮಾಡಿದ್ರೂ ತುಂಬಲ್ಲ" ಎಂದಿದ್ದ ಅಬ್ರಾರ್.

ಯಲಹಂಕದ ಹಳೆಯ ಊರಿನ ಓಣಿಯೊಂದರಲ್ಲಿ ಶಾಂತಲಾಳದು ಹತ್ತು ಅಡಿ ಅಗಲದ ಅಂಗಡಿ. ಸುತ್ತಲಿನ ಸೀರೆಮಗ್ಗಗಳಿಗೆ ಅವಳು ಕಾರ್ಡು ಹೊಡೆದುಕೊಡುತ್ತಾಳೆ. ಸೀರೆಯ ಒಂದೊಂದು ಅಡ್ಡ ಎಳೆಗೂ ಒಂದೊಂದು ರಟ್ಟಿನ ಕಾರ್ಡು. ತೂತು ಇದ್ದ ಕಡೆ ದಾರ ಮೇಲೇಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ನೂರಾರು ಕಾರ್ಡುಗಳನ್ನು ಸರಪಳಿಯಂತೆ ಹೊಲಿದು ಮಗ್ಗದ ಮೇಲೆ ತೂಗುಹಾಕಿದರೆ ಕೆಳಗೆ ಹೂವು ಮೂಡುತ್ತದೆ. ದೊಡ್ಡಬಳ್ಳಾಪುರದ ಅವಳ ಅಪ್ಪ ಇದನ್ನು ಗೆರೆ ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ಚೌಕ ತುಂಬಿ ಬರೆಯುತ್ತಿದ್ದ. ಅವಳು ಅದನ್ನೇ ಕಂಪ್ಯೂಟರಿನಲ್ಲಿ ಕಲಿತಳು. ತೂತು ಹೊಡೆಯುವ ಯಂತ್ರವನ್ನು ನಡೆಸುವ ಸಾಫ್ಟ್‌ವೇರ್ ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ. ಅದನ್ನು ಮಾಡಿದ ಕಂಪನಿಯವರು ಯಾವಾಗಲೋ ಬಾಗಿಲು ಮುಚ್ಚಿಕೊಂಡು ಹೋಗಿದ್ದರು.

ಹಳೆಯ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿದಾಗ ಅಬ್ರಾರ್ ಇದ್ದುದನ್ನೆಲ್ಲ ಹೊಸ ಡಿಸ್ಕಿಗೆ ಎತ್ತಿ ಹಾಕಿದ. ಕಾಪಿ ಮುಗಿದ ಮಾರನೆಯ ದಿನ ಹಳೆಯದು ಏಳಲೇ ಇಲ್ಲ.

"ಇನ್ನೊಂದು ಕಾಪಿ ಎಲ್ಲಾದ್ರೂ ಇಡೋಣ್ವಾ ಅಕ್ಕಾ?"

"ಇಷ್ಟು ದೊಡ್ಡದ್ರಲ್ಲಿ ಇದ್ದ ಮೇಲೆ ಇನ್ನೊಂದು ಯಾಕಪ್ಪ?"

"ಸರಿ. ಕೊನೇಲಿ ನೂರ ಮೂವತ್ತು ಜಿಬಿ ಖಾಲಿ ಬಿಟ್ಟಿದೀನಿ. ಮಂಗಳವಾರ ಬಂದು ಅಲ್ಲಿ ಎಕ್ಸ್‌ಪಿ ಹಾಕ್ತೀನಿ. ಸಿಡಿ ನಿಮ್ಮ ಹತ್ರಾನೇ ಇರ್ಲಿ."

ಮಂಗಳವಾರದವರೆಗೆ ಕಾಯುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಎಂಟು ಮಗ್ಗಗಳ ಮಾಲೀಕ ಚಿಕ್ಕಮಾರಯ್ಯ ಸೋಮವಾರ ಬೆಳಿಗ್ಗೆಯೇ ಬಂದು ಅಂಗಡಿಯ ಬಾಗಿಲಲ್ಲಿ ನಿಂತರು. ಅವರ ಶೆಡ್ಡಿನ ಚಾವಣಿ ಸೋರಿ ಅವರೆಬಳ್ಳಿ ಸೆರಗಿನ ಕಾರ್ಡುಗಳು ಊದಿಕೊಂಡಿದ್ದವು, ಕೆಲವನ್ನು ಇಲಿ ತಿಂದಿತ್ತು. ಅವರೆಬಳ್ಳಿ ಶಾಂತಲಾ ಯಾವ ಸೀರೆಯನ್ನೂ ನೋಡದೆ ಬರೆದ ಡಿಸೈನು. ಆರು ವರ್ಷದಿಂದ ಬೇಡಿಕೆ ಇಳಿಯದ ಸೆರಗು ಅದು.

"ಶುಕ್ರವಾರ ಮಗ್ಗಕ್ಕೆ ಕರೆಂಟು ಪೆಟ್ಟಿಗೆ ಕೂರ್ಸೋ ಪೆಟ್ಟಿಗೆಯವನು ಬತ್ತಾನೆ ಕಣಮ್ಮ" ಎಂದರು ಚಿಕ್ಕಮಾರಯ್ಯ. "ಪೆನ್‌ಡ್ರೈವು ಚುಚ್ಚುದ್ರೆ ಸೀರೆ ಬತ್ತದಂತೆ, ಕಾರ್ಡೇ ಬ್ಯಾಡ್ವಂತೆ. ಅಷ್ಟರೊಳಗೆ ನೀನು ಕಾರ್ಡು ತಂದ್ರೆ ಸರಿ. ಇಲ್ಲಾಂದ್ರೆ ಎಂಟಕ್ಕೂ ಪೆಟ್ಟಿಗೆ ಕೂರುಸ್ಬುಡ್ತೀನಿ. ಆಮ್ಯಾಕೆ ಅಣ್ಣ ಇಂಗೆ ಮಾಡ್ದ ಅನ್ನಬ್ಯಾಡ."

ಚಿಕ್ಕಮಾರಯ್ಯ ಬದಲಾದರೆ ಓಣಿಯ ಉಳಿದವರೂ ತಿಂಗಳೊಳಗೆ ಬದಲಾಗುತ್ತಾರೆ. ಶಾಲೆಯ ವ್ಯಾನ್ ಓಡಿಸುವ ಗಂಡ ಸತೀಶ್ ಊಟಕ್ಕೆ ಬಂದವನು ಸುಮ್ಮನೆ ಹೇಳಿದ, "ಸಹಕಾರನಗರದ ಸೀರೆ ಅಂಗಡೀಲಿ ಸೇಲ್ಸ್‌ಗೆ ಜನ ಕೇಳ್ತಿದಾರೆ. ನೀನಾದ್ರೆ ಸೀರೆ ಬಗ್ಗೆ ಚೆನ್ನಾಗಿ ಮಾತಾಡ್ತೀಯ." ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಶಾಂತಲಾ ಮಾತ್ರ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಅವನು ಹೋದ ಮೇಲೆ ಅವಳು ಸಿಡಿ ಹಾಕಿದಳು.

ನೀಲಿ ಪರದೆ ಬಂತು. ಎಲ್ಲಿ ಹಾಕಲಿ ಎಂದು ಕೇಳುವ ಜಾಗದಲ್ಲಿ ಒಂದೇ ಸಾಲು ಇತ್ತು. ಯಾವುದೆಂದು ತಿಳಿಯದ ಭಾಗ, 131069 ಎಂಬಿ. ನೂರ ಮೂವತ್ತೊಂದು ಜಿಬಿ. ಅಬ್ರಾರ್ ಖಾಲಿ ಬಿಟ್ಟ ಜಾಗ ಇದೇ ಎಂದು ಅವಳಿಗೆ ಸಮಾಧಾನವಾಯಿತು. ಉಳಿದ ಭಾಗ ಏಕೆ ಕಾಣುತ್ತಿಲ್ಲ ಎಂದು ಅವಳು ಯೋಚಿಸಲಿಲ್ಲ. ತನಗೆ ಬೇಕಾದಷ್ಟನ್ನೇ ತೋರಿಸುತ್ತಿದೆ ಎಂದುಕೊಂಡಳು. ಆ ಭಾಗವನ್ನು ತೆಗೆದುಹಾಕಲೇ ಎಂದು ಅದು ಎರಡು ಸಲ ಕೇಳಿತು. ಎರಡು ಸಲವೂ ಅವಳು ಹೂಂ ಎನ್ನುವ ಕೀಲಿ ಒತ್ತಿದಳು.

ಮುಕ್ಕಾಲು ಗಂಟೆಯ ಮೇಲೆ ಎಕ್ಸ್‌ಪಿ ತೆರೆದುಕೊಂಡಿತು. ಅವಳು ಸಾಫ್ಟ್‌ವೇರ್ ಹಾಕಿ ಡಿಸೈನುಗಳಿದ್ದ ಡಿ ಡ್ರೈವ್ ಹುಡುಕಿದಳು. ಸಿ ಮಾತ್ರ ಇತ್ತು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದಳು. ಸಿ ಮಾತ್ರ ಇತ್ತು.

ಅವಳು ಅಬ್ರಾರನಿಗೆ ಫೋನ್ ಮಾಡಿದಳು.

"ಅಕ್ಕಾ, ಏನೂ ಮುಟ್ಬೇಡಿ. ಪ್ಲಗ್ ಕಿತ್ತು ಡಿಸ್ಕ್ ತಗೊಂಡು ಬನ್ನಿ."

ಮಂಗಳವಾರ ಬೆಳಿಗ್ಗೆ ಅವಳು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ಇಪ್ಪತ್ತೈದು ನಿಮಿಷ ನಿಂತಿತು. ಪಕ್ಕದ ಹೆಂಗಸು, "ಊಟದ ಡಬ್ಬೀನಾ? ಬಿಸಿ ಇದ್ರೆ ಕೆಳಗಿಡಿ" ಎಂದಳು. ಶಾಂತಲಾ ತಲೆಯಾಡಿಸಿದಳು, ಕೆಳಗಿಡಲಿಲ್ಲ.

ಅಬ್ರಾರ್ ಡಿಸ್ಕನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ನೋಡುತ್ತಲೇ ಹೇಳಿದ, "ಹಳೇ ಸಿಡಿ ಅಕ್ಕಾ ಅದು. ಎಷ್ಟು ದೊಡ್ಡ ಡಿಸ್ಕ್ ಕೊಟ್ರೂ ಅದಕ್ಕೆ ಕಾಣೋದೇ ನೂರ ಮೂವತ್ತೊಂದು. ನಿಮಗೆ ಕಂಡಿದ್ದು ಖಾಲಿ ಜಾಗ ಅಲ್ಲ. ಪೂರ್ತಿ ಡಿಸ್ಕೇ ಅದು. ನಿಮ್ಮ ಡಿಸೈನ್ ಮೇಲೇ ಎಕ್ಸ್‌ಪಿ ಕೂತ್ಕೊಂಡಿದೆ."

"ನೀವು ಬಿಟ್ಟ ಲೆಕ್ಕಾನೂ ಅದೇ ಇತ್ತಲ್ಲ."

"ಗೊತ್ತು. ನನ್ನದೂ ತಪ್ಪಿದೆ. ಅದೇ ಅಳತೆ ಬಿಡಬಾರದಿತ್ತು, ಇಷ್ಟು ದೊಡ್ಡದಕ್ಕೆ ಎಕ್ಸ್‌ಪಿ ಹಾಕ್ತೀನಿ ಅಂತಾನೇ ಹೇಳಬಾರದಿತ್ತು."

ಕಳೆದುಹೋದದ್ದನ್ನು ಹುಡುಕುವ ಪ್ರೋಗ್ರಾಂ ಮಧ್ಯಾಹ್ನದವರೆಗೆ ಓಡಿತು. ಸ್ಕ್ಯಾನ್ ಮಾಡಿದ ಚಿತ್ರಗಳು ಒಂದೊಂದಾಗಿ ಮೇಲೆ ಬಂದವು. ಬೇರೆಯವರ ಕಂಚಿಗಳು, ಬೇರೆಯವರ ಬನಾರಸಿಗಳು. ಅವಳು ಬರೆದ ಡಿಸೈನುಗಳು ಬರಲಿಲ್ಲ. ಅಂಥ ಫೈಲನ್ನು ಆ ಪ್ರೋಗ್ರಾಂ ಎಲ್ಲೂ ಕಂಡಿರಲಿಲ್ಲ, ಗುರುತಿಸಲೂ ಅದಕ್ಕೆ ಬರಲಿಲ್ಲ.

"ದೊಡ್ಡ ಲ್ಯಾಬಿಗೆ ಕಳಿಸಬಹುದು. ತಿಂಗಳುಗಟ್ಟಲೆ ಆಗುತ್ತೆ. ಸಿಗುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ಅಬ್ರಾರ್ ಡ್ರಾಯರಿನಿಂದ ಒಂದು ಹಳೆಯ ನಲವತ್ತು ಜಿಬಿ ಡಿಸ್ಕ್ ತೆಗೆದುಕೊಂಡು ಅವಳ ಜೊತೆಗೇ ಯಲಹಂಕಕ್ಕೆ ಬಂದ. ಪುಟ್ಟ ಡಿಸ್ಕಿನಲ್ಲಿ ಎಕ್ಸ್‌ಪಿ ತಕರಾರಿಲ್ಲದೆ ಕೂತಿತು. ತೂತು ಹೊಡೆಯುವ ಯಂತ್ರ ಎರಡು ಸಲ ಕೆಮ್ಮಿ ಖಾಲಿ ಕಾರ್ಡೊಂದಕ್ಕೆ ಪರೀಕ್ಷೆಯ ತೂತುಗಳನ್ನು ಹೊಡೆಯಿತು. ಎಲ್ಲವೂ ಸರಿಯಾಗಿತ್ತು. ಹೊಡೆಯಲು ಏನೂ ಇರಲಿಲ್ಲ. ಅಬ್ರಾರ್ ಹೋದ ಮೇಲೆ ಶಾಂತಲಾ ಆ ಕಾರ್ಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಅದರ ತೂತುಗಳೊಳಗಿಂದ ಓಣಿಯ ಬಿಸಿಲು ಕಾಣುತ್ತಿತ್ತು. ಆಗ ಅವಳಿಗೆ ಚಿಕ್ಕಮಾರಯ್ಯನವರ ಊದಿದ ಕಾರ್ಡುಗಳು ನೆನಪಾದವು. ಮಗ್ಗದ ಮೇಲೆ ಅವು ಓಡಲಾರವು, ಆದರೆ ತೂತು ತೂತೇ.

ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋದಳು. ನಡೆದುದನ್ನೆಲ್ಲ ಹೇಳಿದಳು.

"ಅಷ್ಟೂ ಓಯ್ತಾ?" ಚಿಕ್ಕಮಾರಯ್ಯ ಮಗ್ಗ ನಿಲ್ಲಿಸಿದರು. "ಹದಿನೇಳು ವರ್ಷದ್ದೂ?"

"ಹೂಂ ಅಣ್ಣ."

"ಮತ್ತೆ ಇನ್ನೇನ್ ಮಾಡ್ತೀಯ. ನೋಡು, ಪೆಟ್ಟಿಗೆಯವನ ತಾವ್ಲೇ ಕೆಲಸ ಕೇಳ್ಕೊಡ್ತೀನಿ ಬೇಕಾದ್ರೆ."

"ಕೆಟ್ಟಿರೋ ಕಾರ್ಡು ಕೊಡಿ ಅಣ್ಣ. ಶುಕ್ರವಾರ ತರ್ತೀನಿ."

ಮುನ್ನೂರ ಎಂಬತ್ತನಾಲ್ಕು ಕಾರ್ಡುಗಳಲ್ಲಿ ನಲವತ್ತೊಂದು ಇರಲಿಲ್ಲ. ಉಳಿದವನ್ನು ಅವಳು ಅಂಗಡಿಯ ನೆಲದ ಮೇಲೆ ಸಾಲಾಗಿ ಹರಡಿದಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ತೂತು ಇದ್ದಲ್ಲಿ ಪರದೆಯ ಮೇಲೆ ಚೌಕ ತುಂಬುತ್ತ ಹೋದಳು. ಒಂದು ಕಾರ್ಡಿಗೆ ಇನ್ನೂರ ನಲವತ್ತು ಜಾಗ. ಒಂದು ಜಾಗ ತಪ್ಪಿದರೆ ಎಲೆ ಸೀಳುತ್ತದೆ. ಬುಧವಾರ ಸಂಜೆಗೆ ಇನ್ನೂರು ಮುಗಿದಿತ್ತು. ಕಣ್ಣು ಮುಚ್ಚಿದರೂ ತೂತುಗಳೇ ಕಾಣುತ್ತಿದ್ದವು. ಒಮ್ಮೆ ಕೀಬೋರ್ಡಿನ ಮೇಲೆ ಹಣೆಯಿಟ್ಟು ಅತ್ತಳು. ಹಣೆ ಒತ್ತಿ ಪರದೆಯ ಮೇಲೆ ಒಂದು ಸಾಲು ಪೂರ್ತಿ ತುಂಬಿಹೋಗಿತ್ತು. ಆ ಸಾಲನ್ನು ಅಳಿಸಿ ಮತ್ತೆ ಎಣಿಸಿದಳು.

ಇಲಿ ತಿಂದ ನಲವತ್ತೊಂದಕ್ಕೆ ಸೀರೆಯೇ ಬೇಕಿತ್ತು. ಚಿಕ್ಕಮಾರಯ್ಯನವರ ಹೆಂಡತಿ ರತ್ನಕ್ಕನ ಬಳಿ ಮೊದಲು ನೇಯ್ದ ಅವರೆಬಳ್ಳಿ ಇತ್ತು. ಗುರುವಾರ ಬೆಳಿಗ್ಗೆ ರತ್ನಕ್ಕ ಅದನ್ನು ಅಂಗಳದ ಮಂಚದ ಮೇಲೆ ಹಾಸಿ ತಾನೂ ಪಕ್ಕದಲ್ಲಿ ಕೂತಳು. ಸೀರೆಯನ್ನು ಮನೆಯಿಂದ ಹೊರಗೆ ಕೊಡಲು ಒಪ್ಪಲಿಲ್ಲ. ಶಾಂತಲಾ ಎಳೆ ಎಣಿಸುವ ಭೂತಗನ್ನಡಿ ಹಿಡಿದು ಬಗ್ಗಿದಳು.

"ಏನೇ ಇದು ಶಾಂತಾ, ಪೇನು ನೋಡ್ದಂಗೆ ನೋಡ್ತೀಯಲ್ಲ."

"ಮಾತಾಡಿಸಬೇಡಿ ಅಕ್ಕಾ, ಎಣಿಕೆ ತಪ್ಪುತ್ತೆ."

"ನಿಮ್ಮಣ್ಣನೂವೆ ಈ ಸೀರೇನ ಇಷ್ಟು ಹತ್ರದಿಂದ ನೋಡಿಲ್ಲ ಬಿಡು."

ಶಾಂತಲಾ ನಕ್ಕಳು, ಎಣಿಕೆ ತಪ್ಪಿತು, ಮೊದಲಿನಿಂದ ಶುರುಮಾಡಿದಳು. ಅವಳಿಗೆ ಬೇಕಾದ ಎಳೆಗಳಲ್ಲಿ ಮೂರು ಇರುವ ಕಡೆ ಸೀರೆ ಯಾವುದೋ ಮದುವೆಯಲ್ಲಿ ಊದುಬತ್ತಿ ತಗುಲಿ ಸುಟ್ಟಿತ್ತು. ಸೆರಗಿನ ಬೇರೆ ಕಡೆ ನೋಡಿದರೆ ಅಲ್ಲಿ ಬಳ್ಳಿ ಬೇರೆ ತರಹ ತಿರುಗುತ್ತಿತ್ತು. ಆ ಮೂರನ್ನು ಅವಳು ಊಹಿಸಿ ಬರೆದಳು.

ರಾತ್ರಿಯೆಲ್ಲ ಕೂತು ಉಳಿದದ್ದನ್ನು ಮುಗಿಸಿ, ಶುಕ್ರವಾರ ಬೆಳಿಗ್ಗೆ ಹೊಸದಾಗಿ ಹೊಡೆದು ಹೊಲಿದ ಕಾರ್ಡುಗಳ ಕಟ್ಟನ್ನು ಸೊಂಟದ ಮೇಲಿಟ್ಟುಕೊಂಡು ಅವಳು ಶೆಡ್ಡಿಗೆ ಹೋದಾಗ ಪೆಟ್ಟಿಗೆಯವನು ಆಗಲೇ ಬಂದು ಕಾಫಿ ಕುಡಿಯುತ್ತಿದ್ದ. ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಹೊರಗೆ ಟೆಂಪೋದಲ್ಲಿದ್ದವು. ಚಿಕ್ಕಮಾರಯ್ಯ ಅವಳ ಮುಖ ನೋಡಿ ಕಾರ್ಡುಗಳನ್ನು ಮಗ್ಗಕ್ಕೆ ಏರಿಸಿದರು. ಲಾಳಿ ಓಡಿತು. ಬಳ್ಳಿ ನಿಧಾನಕ್ಕೆ ಮೇಲೆದ್ದಿತು, ಎಲೆ, ಹೂವು, ಕಾಯಿ. ಊಹಿಸಿದ ಮೂರು ಎಳೆ ಬಂದಾಗ ಅವಳು ಬಗ್ಗಿ ನೋಡಿದಳು. ಕಾಯಿಯ ತುದಿ ಸ್ವಲ್ಪ ಮೊಂಡಾಗಿತ್ತು. ಚಿಕ್ಕಮಾರಯ್ಯ ಅದರ ಮೇಲೆ ಹೆಬ್ಬೆರಳು ಸವರಿದರು.

"ಎಳೇ ಕಾಯಿ ಇದ್ದಂಗದೆ" ಎಂದರು. ಆಮೇಲೆ ಪೆಟ್ಟಿಗೆಯವನ ಕಡೆ ತಿರುಗಿದರು. "ಈ ಎರಡು ಮಗ್ಗ ಕಾರ್ಡಲ್ಲೇ ಓಡ್ಲಿ. ಮಿಕ್ಕ ಆರಕ್ಕೆ ಪೆಟ್ಟಿಗೆ ಕೂರುಸ್ಬುಡು."

ಶಾಂತಲಾ ಎಂಟನ್ನೂ ನೋಡಿದಳು, ಆಮೇಲೆ ಎರಡನ್ನು.

"ಮಿಕ್ಕ ಡಿಸೈನು ನಿನ್ನ ತಾವ್ಲೂ ಇಲ್ವಲ್ಲ. ಇಷ್ಟೇ ಕಣಮ್ಮ ನನ್ನ ಕೈಲಾಗೋದು" ಎಂದರು ಚಿಕ್ಕಮಾರಯ್ಯ.

"ಅಣ್ಣ, ಹಳೇ ಕಾರ್ಡು ಏನಾದ್ರೂ ಉಳಿದಿದ್ರೆ ಕೊಡಿ. ಯಾವುದಾದ್ರೂ ಸರಿ, ನೋಡಿ ಮತ್ತೆ ಬರ್ಕೋತೀನಿ."

"ಅವ್ನ ಯಾರು ಮಡಿಕ್ಕೋತಾರೆ. ರತ್ನಿ ನೀರೊಲೆಗೆ ಹಾಕ್ತಾಳೆ. ಚೆನ್ನಾಗಿ ಉರೀತವೆ."

ಅವಳು ಹಿತ್ತಲಿಗೆ ಹೋದಳು. ಹಂಡೆಯ ಪಕ್ಕ ತೆಂಗಿನ ಮಟ್ಟೆಗಳ ಕೆಳಗೆ ಒಂದು ಸರಪಳಿಯ ತುದಿ ಕಾಣುತ್ತಿತ್ತು. ಎಳೆದಳು. ಎಂಬತ್ತೋ ತೊಂಬತ್ತೋ ಕಾರ್ಡು ಬಂತು, ಮುಂದಿನದು ಸುಟ್ಟುಹೋಗಿತ್ತು. ಮೊದಲನೆಯದನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಇದು ಯಾವ ಸೀರೆಯದು ಎಂದು ಅವಳಿಗೆ ಗೊತ್ತಾಗಲಿಲ್ಲ. ಒಲೆಯ ಮುಂದೆ ಕೂತು ಎರಡನೆಯದನ್ನು ಒರೆಸತೊಡಗಿದಳು.